ಸರದಿ ಬಿಟ್ಟುಕೊಟ್ಟವರು ಯಾರು?

ಕಳೆದ ಬೇಸಿಗೆಯಲ್ಲಿ ಮನೆಯ ಮದುವೆಯೊಂದಕ್ಕೆ ಸೀರೆ ತರಲೆಂದು ನಾವು ಮೊಳಕಾಲ್ಮುರಿಗೆ ಹೊರಟಿದ್ದೆವು. ಅಲ್ಲಿಯ ಸೀರೆಯನ್ನು ಬೇರೆಲ್ಲೋ ಅಂಗಡಿಯಲ್ಲಿ ಕೊಳ್ಳುವುದಲ್ಲ, ಮಗ್ಗದ ಮನೆಗೇ ಹೋಗಿ ನೋಡಿ ತರಬೇಕು ಎಂಬುದು ಮನೆಯ ಹೆಂಗಸರ ಹಟ. ಚಳ್ಳಕೆರೆಯಲ್ಲಿ ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಒಂದೆರಡು ಕಾಗದಗಳ ಪ್ರತಿ ತೆಗೆಸುವುದೂ ಇತ್ತು. ನಿಲ್ದಾಣದ ಹತ್ತಿರದ ಒಂದು ಚಿಕ್ಕ ಕಂಪ್ಯೂಟರ್ ಅಂಗಡಿಗೆ ಹೋದೆವು. ಜೆರಾಕ್ಸು, ಅರ್ಜಿ ತುಂಬುವುದು, ಪಾಸ್‌ಪೋರ್ಟ್ ಅಳತೆಯ ಫೋಟೊ, ಮದುವೆಯ ವಿಡಿಯೊ, ಹೀಗೆ ಇಂಥ ಅಂಗಡಿಗಳು ಮಾಡುವ ಎಲ್ಲ ಕೆಲಸವನ್ನೂ ಒಬ್ಬನೇ ಹುಡುಗ ಎರಡು ಹಳೆಯ ಯಂತ್ರಗಳಲ್ಲಿ ನಡೆಸುತ್ತಿದ್ದ. ಅಂದು ಅವುಗಳಲ್ಲಿ ಒಂದು ಕೆಟ್ಟು ಕೂತಿತ್ತು.

ಉಳಿದ ಒಂದರಲ್ಲಿ ಬೆಳಗಿನಿಂದ ಯಾರದೋ ಮದುವೆಯ ವಿಡಿಯೊ ತಯಾರಾಗುತ್ತಿತ್ತು. ಗಂಟೆಗಟ್ಟಲೆ ತೆಗೆದ ಚಿತ್ರವನ್ನು ಮೊಬೈಲಿನಲ್ಲಿ ಕಳಿಸಬಹುದಾದ ಅಳತೆಗೆ ಇಳಿಸುವ ಕೆಲಸ ಅದು; ಯಂತ್ರದ ಶಕ್ತಿಯನ್ನೆಲ್ಲ ತಿಂದುಹಾಕುತ್ತದೆ. ಅಷ್ಟರಲ್ಲಿ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಳು. ಹತ್ತಿರದ ಹಳ್ಳಿಯವರು. ವಿದ್ಯಾರ್ಥಿವೇತನದ ಅರ್ಜಿ, ಅಂದೇ ಕೊನೆಯ ದಿನ.

"ಅಣ್ಣಾ, ಇವತ್ತು ಬಿಟ್ರೆ ಆಗಲ್ವಂತೆ" ಎಂದಳು.

ಹುಡುಗ ಅರ್ಜಿಯ ಪುಟ ತೆರೆದ. ಕೀಲಿ ಒತ್ತಿದ ಎಷ್ಟೋ ಹೊತ್ತಿನ ಮೇಲೆ ಅಕ್ಷರ ಪರದೆಯ ಮೇಲೆ ಮೂಡುತ್ತಿತ್ತು. ವಿಡಿಯೊ ನಿಲ್ಲಿಸಿಬಿಟ್ಟರೆ ಬೆಳಗಿನಿಂದ ಆದದ್ದೆಲ್ಲ ಹೋಗಿ ಮತ್ತೆ ಮೊದಲಿನಿಂದ ಶುರುವಾಗಬೇಕು. ಅವನು ಒಂದು ಕಪ್ಪು ಪರದೆ ತೆರೆದ. ಅದರಲ್ಲಿ ಆಗ ನಡೆಯುತ್ತಿದ್ದ ಕೆಲಸಗಳ ಪಟ್ಟಿ ಬಂತು, ಒಂದೊಂದರ ಎದುರಿಗೂ ಒಂದು ಗುರುತಿನ ಸಂಖ್ಯೆ. ವಿಡಿಯೊದ ಸಂಖ್ಯೆ ನೋಡಿಕೊಂಡು, ರೆನೈಸ್ ಎಂದು ಬರೆದು, 19 ಎಂಬ ಅಂಕಿ ಹಾಕಿ, ಆ ಸಂಖ್ಯೆಯನ್ನೂ ಸೇರಿಸಿ ಒತ್ತಿದ. ಅಷ್ಟೇ. ವಿಡಿಯೊ ನಿಲ್ಲಲಿಲ್ಲ, ಆದರೆ ಅರ್ಜಿಯ ಅಕ್ಷರಗಳು ಬೆರಳಿನ ಜೊತೆ ಜೊತೆಗೇ ಮೂಡತೊಡಗಿದವು.

ಇದೇನು ಮಂತ್ರ ಎಂದು ಕೇಳಿದೆವು. "ಮಂತ್ರ ಏನಿಲ್ಲ ಸಾರ್. ಅದಕ್ಕೆ ಸ್ವಲ್ಪ ಒಳ್ಳೆಯವನಾಗು ಅಂತ ಹೇಳಿದೆ" ಎಂದು ನಕ್ಕ.

ಅವನು ಹೇಳಿದ್ದು ತಮಾಷೆಯಲ್ಲ, ಆ ಪದದ ನಿಜವಾದ ಅರ್ಥವೇ ಅದು. ಕಂಪ್ಯೂಟರಿನ ಮೆದುಳು ಏಕಕಾಲಕ್ಕೆ ನೂರಾರು ಕೆಲಸ ಮಾಡುತ್ತಿರುವಂತೆ ಕಾಣುತ್ತದೆ. ಒಳಗೆ ಇರುವುದು ಮಾತ್ರ ಸರದಿಯ ಸಾಲು. ಈ ಕೆಲಸಕ್ಕೊಂದು ಚೂರು ಹೊತ್ತು, ಆ ಕೆಲಸಕ್ಕೊಂದು ಚೂರು ಹೊತ್ತು. ಯಾರಿಗೆ ಎಷ್ಟು ಎಂಬುದನ್ನು ತೀರ್ಮಾನಿಸಲು 1970ರ ದಶಕದಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆ ಕಟ್ಟಿದವರು ಪ್ರತಿ ಕೆಲಸಕ್ಕೂ ಒಂದು ಅಂಕಿ ಕೊಟ್ಟರು. ಅದರ ಹೆಸರು ನೈಸ್, ಅಂದರೆ ಸೌಜನ್ಯ. ಆ ಅಂಕಿ ಹೆಚ್ಚಾದಷ್ಟೂ ಆ ಕೆಲಸ ಹೆಚ್ಚು ಸಜ್ಜನ. ಬೇರೆಯವರಿಗೆ ದಾರಿ ಬಿಟ್ಟು ತಾನು ಹಿಂದೆ ನಿಲ್ಲುತ್ತದೆ. ಇಂದಿನ ಲಿನಕ್ಸಿನಲ್ಲಿ ಅದು ಮೈನಸ್ 20ರಿಂದ 19ರವರೆಗೆ ಇರುತ್ತದೆ, ಸಾಮಾನ್ಯವಾಗಿ ಎಲ್ಲರೂ ಸೊನ್ನೆಯಿಂದ ಶುರು. ಕೆಲಸ ಆರಂಭಿಸುವಾಗಲೇ ಅಂಕಿ ಹೇಳುವುದಕ್ಕೆ ನೈಸ್ ಎಂಬ ಆಜ್ಞೆ, ನಡೆಯುತ್ತಿರುವ ಕೆಲಸದ ಅಂಕಿಯನ್ನು ಬದಲಿಸುವುದಕ್ಕೆ ರೆನೈಸ್. ಈ ಎರಡನೆಯದು 1980ರ ಬರ್ಕ್ಲಿ ಯುನಿಕ್ಸ್‌ನೊಂದಿಗೆ ಬಂತು. ಒಂದೇ ಮೆದುಳಿಗಾಗಿ ಸೊನ್ನೆಯ ಕೆಲಸವೂ 19ರ ಕೆಲಸವೂ ಪೈಪೋಟಿಗೆ ನಿಂತರೆ ಲಿನಕ್ಸಿನಲ್ಲಿ ಅವುಗಳ ಪಾಲು 1024ಕ್ಕೆ 15. ಬಹುಪಾಲು ಒಬ್ಬನಿಗೇ ಹೋಯಿತು ಎನ್ನಿ. ಆದರೂ ಆ 15 ಸೊನ್ನೆಯಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಪೈಪೋಟಿಗೆ ಯಾರೂ ಇಲ್ಲದಿದ್ದರೆ 19ರವನಿಗೂ ಇಡೀ ಯಂತ್ರ ಸಿಗುತ್ತದೆ. ಯಾರೂ ಬಾರದ ದಾರಿಯಲ್ಲಿ ಬದಿಗೆ ಸರಿದು ನಡೆದವನಿಗೆ ಏನು ನಷ್ಟ?

ಅರ್ಜಿ ಮುಗಿಯಿತು. ಹುಡುಗಿ ರಸೀತಿಯ ಪ್ರತಿಯನ್ನು ಎರಡು ಸಲ ಓದಿ ಮಡಿಚಿ ಪುಸ್ತಕದೊಳಗಿಟ್ಟುಕೊಂಡಳು. ಈಗ ವಿಡಿಯೊವನ್ನು ಮತ್ತೆ ಸೊನ್ನೆಗೆ ತರಬೇಕೆಂದು ಹುಡುಗ ಅದೇ ಆಜ್ಞೆ ಬರೆದು 19ರ ಜಾಗದಲ್ಲಿ ಸೊನ್ನೆ ಹಾಕಿದ. ಯಂತ್ರ ಒಪ್ಪಲಿಲ್ಲ, ಅನುಮತಿ ಇಲ್ಲ ಎಂದಿತು. ಯಜಮಾನನ ಗುಪ್ತಪದ ಬೇಕು. ಯಂತ್ರಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದು ಬೆಂಗಳೂರಿನಲ್ಲಿರುವ ಅವನ ಭಾವ, ಗುಪ್ತಪದ ಇರುವುದೂ ಅವರಲ್ಲೇ.

"ನೋಡಿ ಸಾರ್, ಒಳ್ಳೆಯವರಾಗೋಕೆ ಯಾರ ಪರ್ಮಿಷನ್ನೂ ಬೇಡ. ವಾಪಸ್ ಬರೋಕೆ ಬೇಕು" ಎಂದ.

ಬಸ್ಸು ಹಿಡಿದ ಮೇಲೂ ಈ ಮಾತು ನಮ್ಮನ್ನು ಬಿಡಲಿಲ್ಲ. ಆ ಆಜ್ಞೆಯ ಕಾನೂನು ಇಷ್ಟು. ನಿಮ್ಮ ಕೆಲಸವನ್ನು ನೀವು ಹಿಂದೆ ಸರಿಸಬಹುದು, ಯಾರನ್ನೂ ಕೇಳಬೇಕಿಲ್ಲ. ಪಕ್ಕದವನ ಕೆಲಸವನ್ನು ಹಿಂದೆ ಸರಿಸಲು ನಿಮಗೆ ಅಧಿಕಾರವಿಲ್ಲ. ನಿಮ್ಮದನ್ನೇ ಮುಂದೆ ತರುವುದಕ್ಕೂ ಅಧಿಕಾರವಿಲ್ಲ, ಹಿಂದೆ ನೀವೇ ಬಿಟ್ಟುಕೊಟ್ಟ ಜಾಗಕ್ಕೆ ಮರಳುವುದಾದರೂ ಅಷ್ಟೇ. ಇವೆರಡನ್ನೂ ಮಾಡಬಲ್ಲವನು ಯಜಮಾನ ಒಬ್ಬನೇ, ಯಂತ್ರದವರ ಭಾಷೆಯಲ್ಲಿ ರೂಟ್. ಅವನು ಯಾರ ಅಂಕಿಯನ್ನಾದರೂ ಎತ್ತಬಲ್ಲ, ಇಳಿಸಬಲ್ಲ. ನಿರ್ದಿಷ್ಟ ಬಳಕೆದಾರರಿಗೆ ಇಂತಿಷ್ಟು ಎಂದು ಸಡಿಲಿಕೆ ಕೊಡುವ ಏರ್ಪಾಡು ಲಿನಕ್ಸಿಗೆ 2005ರಲ್ಲಿ ಬಂತು. ಅದನ್ನು ಕೊಡಬೇಕಾದವನೂ ಆ ಯಜಮಾನನೇ.

ಮೊದಲ ನೋಟಕ್ಕೆ ಇದು ಎಷ್ಟು ಸರಿಯಾದ ನೀತಿ ಎನಿಸುತ್ತದೆ. ನ್ಯಾಯಬೆಲೆ ಅಂಗಡಿಯ ಸಾಲನ್ನೇ ನೋಡಿ. ನನ್ನ ಸರದಿಯನ್ನು ಹಿಂದಿನ ಮುದುಕಿಗೆ ಬಿಟ್ಟುಕೊಟ್ಟರೆ ಅದು ನನ್ನ ದೊಡ್ಡತನ. ನನ್ನ ಮುಂದೆ ನಿಂತವನ ಸರದಿಯನ್ನು ನಾನು ಅವಳಿಗೆ ದಾನ ಮಾಡಲಾಗದು, ಅದು ನನ್ನದಲ್ಲ. ದಾನ ಕೊಡುವವನ ಕೈಯಲ್ಲಿ ಮೊದಲು ವಸ್ತು ಇರಬೇಕು.

ಆದರೆ ಚಳ್ಳಕೆರೆಯ ಆ ಅಂಗಡಿಯಲ್ಲಿ ನಿಜವಾಗಿ ನಡೆದದ್ದೇನು? ಅರ್ಜಿ ತುಂಬುತ್ತಿರುವಾಗಲೇ ಮದುವೆಮನೆಯವರು ಒಬ್ಬರು ಬಂದು "ಇನ್ನೂ ಆಗಿಲ್ವೇನಪ್ಪಾ" ಎಂದು ಕೇಳಿ ಹೋಗಿದ್ದರು. ಅವರ ನೆಂಟರು ಸಂಜೆಯ ಬಸ್ಸಿಗೆ ಹೊರಡುವವರಂತೆ. ವಿಡಿಯೊದ ಕೆಲಸ ಯಂತ್ರದ ಪಟ್ಟಿಯಲ್ಲಿ ಹುಡುಗನ ಹೆಸರಿನಲ್ಲಿತ್ತು, ಆದ್ದರಿಂದ ಯಂತ್ರ ಅವನ ಮಾತು ಕೇಳಿತು. ಆ ಹೊತ್ತು ಅವನದಾಗಿತ್ತೆ? ದುಡ್ಡು ಕೊಟ್ಟವರು ಮದುವೆಮನೆಯವರು, ಬೆಳಗಿನಿಂದ ಕಾದವರೂ ಅವರೇ. ಹುಡುಗ ಉದಾರಿಯಾದದ್ದು ಬೇರೆಯವರ ಗಂಟಿನಿಂದ. ಅವನು ಮಾಡಿದ್ದು ತಪ್ಪು ಎಂದು ನಾವು ಹೇಳುತ್ತಿಲ್ಲ, ಆ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು. ಅರ್ಜಿಗೆ ಅಂದೇ ಕೊನೆಯ ದಿನ, ವಿಡಿಯೊಗೆ ಒಂದು ತಾಸು ತಡವಾದರೆ ಲೋಕ ಮುಳುಗುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಆ ಮನುಷ್ಯನಿಗೆ "ಅಣ್ಣಾ, ಈ ಹುಡುಗಿಗೆ ಇವತ್ತೇ ಕೊನೆ ದಿನ, ಸ್ವಲ್ಪ ತಡ ಆಗುತ್ತೆ" ಎಂದು ಒಂದು ಮಾತು ಹೇಳಿದ್ದರೆ, ಹತ್ತಕ್ಕೆ ಒಂಬತ್ತು ಜನ ಆಗಲಿ ಬಿಡಪ್ಪಾ ಎನ್ನುತ್ತಿದ್ದರು. ಹಾಗೆ ಹೇಳಿದ್ದರೆ ಬಿಟ್ಟುಕೊಟ್ಟವರು ಅವರಾಗುತ್ತಿದ್ದರು. ಹೇಳದೆ ಇದ್ದುದರಿಂದ ಅವರ ಪಾಲಿಗೆ ಉಳಿದದ್ದು ತಡ ಮಾತ್ರ.

ಇನ್ನೊಂದು ಸಂಗತಿಯೂ ಅಷ್ಟೇ ಮುಖ್ಯ. ಪಟ್ಟಿಯಲ್ಲಿ ಸೌಜನ್ಯದ ಅಂಕಿಗೆಂದು ಒಂದು ಅಂಕಣವಿದೆ. ವಿಡಿಯೊದ ಎದುರಿಗೆ 19 ಎಂದು ಇತ್ತು. ಆ 19ನ್ನು ಯಾರು ಬರೆದರು ಎಂಬುದು ಅಂಕಣದಲ್ಲಿ ಇಲ್ಲ. ಕೆಲಸದ ಒಡೆಯ ತಾನಾಗಿ ಹಿಂದೆ ಸರಿದದ್ದೋ, ಯಜಮಾನ ಹಿಂದಕ್ಕೆ ತಳ್ಳಿದ್ದೋ, ಅದಕ್ಕೆ ಎರಡೂ ಒಂದೇ. ಸೌಜನ್ಯ 19, ಪರಮ ಸಜ್ಜನ.

ನಮ್ಮ ಸಮಾಜದ ಪಟ್ಟಿಗಳೂ ಹೀಗೇ ಅಲ್ಲವೆ? ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ತಳದ ಸಾರಿನಲ್ಲಿ ಉಣ್ಣುವವಳನ್ನು ತ್ಯಾಗಮಯಿ ಎನ್ನುತ್ತೇವೆ. ಅವಳು ಅದನ್ನು ಆರಿಸಿಕೊಂಡಳೆ? ಮದುವೆಯಾಗಿ ಬಂದ ದಿನವೇ ಯಾರೋ ಅವಳ ಎದುರಿಗೆ 19 ಎಂದು ಬರೆದಿಟ್ಟಿದ್ದರೆ? ಒಂದು ದಿನ ಅವಳು ಮೊದಲು ಉಣ್ಣುತ್ತೇನೆಂದರೆ ಅನುಮತಿ ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕಣ್ಣಲ್ಲೇ ಹೇಳುತ್ತಾರೆ. ಅಣ್ಣನ ಓದಿಗಾಗಿ ಶಾಲೆ ಬಿಟ್ಟ ತಂಗಿಯ ಬಗ್ಗೆ ನಾವೇ ಎಷ್ಟು ಮೆಚ್ಚಿ ಮಾತಾಡಿಲ್ಲ! ಅವಳನ್ನು ಯಾರಾದರೂ ಕೇಳಿದ್ದರೇ ಎಂಬ ಪ್ರಶ್ನೆ ನಮಗೇ ಹೊಳೆದದ್ದು ಎಷ್ಟು ಸಲ?

ಮುಸ್ಲಿಮ್ ಮನೆಗಳಲ್ಲಿ ಈಸಾರ್ ಎಂಬ ಮಾತಿದೆ. ತನಗೇ ಕೊರತೆ ಇರುವಾಗಲೂ ಇನ್ನೊಬ್ಬರನ್ನು ಮುಂದಿಡುವುದು. ಕ್ರಿ.ಶ. 636ರ ಯರ್ಮೂಕ್ ಯುದ್ಧದ ಕಥೆಯನ್ನು ಅಜ್ಜಿಯರ ಬಾಯಲ್ಲಿ ಕೇಳಿದವರು ನಮ್ಮ ಓದುಗರಲ್ಲಿ ಬಹಳಷ್ಟು ಜನ ಇದ್ದಾರೆ. ಗಾಯಗೊಂಡು ಬಿದ್ದವನೊಬ್ಬನ ಬಾಯಿಗೆ ನೀರು ತಂದಾಗ ಪಕ್ಕದವನ ನರಳಾಟ ಕೇಳಿ ಮೊದಲು ಅವನಿಗೆ ಕೊಡಿ ಎನ್ನುತ್ತಾನೆ. ಅವನು ಮುಂದಿನವನತ್ತ ತೋರಿಸುತ್ತಾನೆ. ನೀರು ಅಲ್ಲಿಗೆ ಹೋಗುವಷ್ಟರಲ್ಲಿ ಆ ಮನುಷ್ಯ ತೀರಿಕೊಂಡಿರುತ್ತಾನೆ, ತಿರುಗಿ ಬಂದರೆ ಇವರಿಬ್ಬರೂ ಇಲ್ಲ. ನೀರು ಉಳಿಯಿತು. ಲೆಕ್ಕಾಚಾರದವರಿಗೆ ಈ ಕಥೆ ದಡ್ಡತನವಾಗಿ ಕಾಣಬಹುದು. ಒಬ್ಬನಾದರೂ ಕುಡಿಯಬಾರದಿತ್ತೆ ಎನ್ನುತ್ತಾರೆ. ಆದರೆ ಕಥೆಯ ಜೀವ ಇರುವುದು ಬೇರೆ ಕಡೆ. ನೀರು ತಂದವನು ಇವನಿಗೆ ಬೇಡ, ಅವನಿಗೆ ಎಂದು ತಾನೇ ತೀರ್ಮಾನಿಸಲಿಲ್ಲ. ಪ್ರತಿಯೊಬ್ಬನ ಬಾಯಿಯ ಬಳಿಗೂ ಅದನ್ನು ತಂದ. ಬಿಟ್ಟುಕೊಟ್ಟ ಮಾತು ಅವರವರ ಬಾಯಿಂದಲೇ ಬಂತು. ನೀರು ಹೊತ್ತವನೇ ಮೊದಲನೆಯವನನ್ನು ದಾಟಿ ಹೋಗಿಬಿಟ್ಟಿದ್ದರೆ ಅದಕ್ಕೆ ಈಸಾರ್ ಎನ್ನುವವರು ಯಾರು?

ಬಸ್ಸು ತಳುಕಿನಲ್ಲಿ ನಿಂತಾಗ ಒಂದು ನೆನಪಾಯಿತು. ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ.ಎಸ್. ವೆಂಕಣ್ಣಯ್ಯನವರು 1885ರಲ್ಲಿ ಹುಟ್ಟಿದ ಊರು ಇದು. ಅಷ್ಟು ವಿದ್ವತ್ತಿದ್ದೂ ತಮ್ಮ ಹೆಸರಿನಲ್ಲಿ ಬರೆದದ್ದು ಕಡಿಮೆ. ಶಿಷ್ಯರನ್ನು ಮುಂದೆ ತರುವುದರಲ್ಲೇ ಆಯುಸ್ಸು ಕಳೆದರು. 1939ರಲ್ಲಿ ತೀರಿಕೊಂಡರು. ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ತನ್ನ ಹೊತ್ತನ್ನು ತಾನೇ ಬಿಟ್ಟುಕೊಟ್ಟವರು ಎನ್ನಲು ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ. ಆ ಪಟ್ಟಿಯಲ್ಲಿ 19ನ್ನು ಬರೆದ ಕೈ ಯಾವುದು ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ.

ಅದೇ ತಾಲೂಕಿನಲ್ಲಿ ಇನ್ನೊಂದು ಬಗೆಯ 19 ಕೂಡ ಇದೆ. ಚಳ್ಳಕೆರೆಯಿಂದ ನಾಯಕನಹಟ್ಟಿಯ ಕಡೆಗೆ ಹೋದರೆ ಉದ್ದುದ್ದ ಗೋಡೆಗಳು ಸಿಗುತ್ತವೆ. ಅವುಗಳ ಒಳಗಿರುವುದು ಅಮೃತಮಹಲ್ ಕಾವಲುಗಳು. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗಾಗಿ ಮೀಸಲಾಗಿದ್ದ ಹುಲ್ಲುಗಾವಲು. ಫಿರಂಗಿ ಎಳೆಯುವ ಆ ಎತ್ತುಗಳ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಕೊಟ್ಟವನು ಟಿಪ್ಪು ಸುಲ್ತಾನ. ಅರಸರು ಹೋದ ಮೇಲೂ ಸುತ್ತಲಿನ ಹಳ್ಳಿಗಳ ಕುರಿ, ದನಗಳಿಗೆ ಇದೇ ಆಸರೆ. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಕೊಟ್ಟದ್ದೂ ಇಂಥ ನೆಲವೇ. 2008ರ ನಂತರದ ಕೆಲವೇ ವರ್ಷಗಳಲ್ಲಿ ಇದರಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತಿತರ ಸಂಸ್ಥೆಗಳಿಗೆ ಹೋಯಿತು. ರಕ್ಷಣಾ ಸಂಶೋಧನೆಗೆ ನಾಲ್ಕು ಸಾವಿರಕ್ಕೂ ಹೆಚ್ಚು, ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500 ಎಕರೆ. ಗೋಡೆ ಏಳುವವರೆಗೆ ನಮಗೆ ವಿಷಯವೇ ಗೊತ್ತಿರಲಿಲ್ಲ ಎಂಬುದು ಹಳ್ಳಿಗಳವರ ದೂರು. 2013ರಲ್ಲಿ ಅದು ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೂ ಹೋಯಿತು.

ಇಲ್ಲಿ ನಾವು ಒಂದು ಪಕ್ಷದ ವಕೀಲಿಕೆ ಮಾಡಲು ಕೂತಿಲ್ಲ. ಗೋಡೆಯೊಳಗೆ ನಡೆದದ್ದು ಸಣ್ಣದೇನಲ್ಲ. ಕುದಾಪುರದಲ್ಲಿ ಸಾವಿರಾರು ಶಿಕ್ಷಕರು ತರಬೇತಿ ಪಡೆದಿದ್ದಾರೆ. 2017ರಲ್ಲಿ ಲೋಕಾರ್ಪಣೆಯಾದ ವಿಮಾನ ಪರೀಕ್ಷಾ ಕ್ಷೇತ್ರದಲ್ಲಿ 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದ ರೆಕ್ಕೆಯ ವಾಹನ, ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟ ಮೇಲೆ, ಯಾರೂ ನಡೆಸದೆ ತಾನೇ ಹಾರಿಬಂದು ಓಡುದಾರಿಯ ಮೇಲೆ ಇಳಿಯಿತು. 2024ರಲ್ಲಿ ಮತ್ತೆ ಎರಡು ಸಲ ಇಳಿಯಿತು. ದೇಶಕ್ಕೆ ಇದು ಬೇಕು ಎಂಬುದನ್ನು ಕುರಿಗಾಹಿಯೂ ಒಪ್ಪುತ್ತಾನೆ. ನಮ್ಮ ತಕರಾರು ಒಂದೇ, ಮಾತಿನ ಬಗ್ಗೆ. ಇಂಥ ಸಂದರ್ಭಗಳಲ್ಲೆಲ್ಲ ಜನ ದೇಶಕ್ಕಾಗಿ ನೆಲ ಬಿಟ್ಟುಕೊಟ್ಟರು, ತ್ಯಾಗ ಮಾಡಿದರು ಎಂದು ಭಾಷಣ ಮಾಡುವುದು ವಾಡಿಕೆ. ಬಿಟ್ಟುಕೊಡಲು ಯಾರೂ ಕೇಳಿರದಿದ್ದರೆ ಅದು ತ್ಯಾಗ ಹೇಗಾಗುತ್ತದೆ? ದಾಖಲೆಯಲ್ಲಿ ಕಾವಲು ಸರಕಾರದ್ದು, ಹಳ್ಳಿಯವರ ಹೆಸರು ಅದರಲ್ಲಿಲ್ಲ, ಸರಿ. ಅಂಗಡಿಯ ವಿಡಿಯೊ ಕೂಡ ಮದುವೆಮನೆಯವರ ಹೆಸರಿನಲ್ಲಿ ಇರಲಿಲ್ಲ. ಯಜಮಾನನಿಗೆ ಅಂಕಿ ಬದಲಿಸುವ ಅಧಿಕಾರವಿದೆ, ಕೆಲವೊಮ್ಮೆ ಬದಲಿಸಲೇಬೇಕಾಗುತ್ತದೆ. ಹಾಗೆ ಮಾಡಿದಾಗ ನಾನು ತಳ್ಳಿದೆ ಎಂದು ಹೇಳಲಿ. ಅವರು ಸರಿದರು ಎನ್ನದಿರಲಿ. ತಳ್ಳಿದೆ ಎಂದವನಿಗೆ ಮುಂದಿನ ಪ್ರಶ್ನೆ ಇರುತ್ತದೆ, ಪರಿಹಾರವೇನು, ಬೇರೆ ಮೇವು ಎಲ್ಲಿ ಎಂದು. ಸರಿದರು ಎಂದವನಿಗೆ ಒಂದು ಹಾರ, ಒಂದು ಶಾಲು ಸಾಕು.

ಸಾಲಿನಲ್ಲಿ ಹಿಂದಕ್ಕೆ ಹೋದವನಿಗೆ ಇನ್ನೊಂದು ಅಪಾಯ ಕಾದಿದೆ. ಮುಂದಿನವರು ಬರುತ್ತಲೇ ಇದ್ದರೆ ಅವನ ಸರದಿ ಬರುವುದೇ ಇಲ್ಲ. ಕಂಪ್ಯೂಟರಿನವರು ಇದನ್ನು ಉಪವಾಸ ಎಂದೇ ಕರೆಯುತ್ತಾರೆ. ಅಮೆರಿಕದ ಎಂ.ಐ.ಟಿ.ಯಲ್ಲಿ 1973ರಲ್ಲಿ ಹಳೆಯ ಐ.ಬಿ.ಎಂ. ಯಂತ್ರವೊಂದನ್ನು ನಿಲ್ಲಿಸಿದಾಗ, 1967ರಲ್ಲಿ ಒಪ್ಪಿಸಿದ್ದ ಒಂದು ಕಡಿಮೆ ಆದ್ಯತೆಯ ಕೆಲಸ ಇನ್ನೂ ಸರದಿಗಾಗಿ ಕಾಯುತ್ತಿತ್ತು ಎಂದು ಒಂದು ಕಥೆ ಪಠ್ಯಪುಸ್ತಕಗಳಲ್ಲೇ ಇದೆ. ದಂತಕಥೆಯೆಂದೇ ಅದನ್ನು ಹೇಳುತ್ತಾರೆ. ಚಿತ್ರದುರ್ಗ ಜಿಲ್ಲೆಯವರಿಗೆ ಮಾತ್ರ ಅದು ದಂತಕಥೆ ಎನಿಸಲಿಕ್ಕಿಲ್ಲ. ಭದ್ರಾ ಮೇಲ್ದಂಡೆಯ ನೀರಿಗಾಗಿ ಇಲ್ಲಿ ದಶಕಗಳ ಕಾಲ ಕೂಗೆದ್ದಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಎಂಬ ಘೋಷಣೆ ಕೇಳಿದಾಗ, ತಂದೆಯ ಜೊತೆ ಮೆರವಣಿಗೆಗೆ ಹೋಗಿದ್ದವರು ತಾವೇ ತಾತಂದಿರಾಗಿದ್ದರು. 2002ರ ರಾಷ್ಟ್ರೀಯ ಜಲನೀತಿಯ ಆದ್ಯತಾ ಪಟ್ಟಿಯಲ್ಲಿ ಕುಡಿಯುವ ನೀರು ಮೊದಲು, ನೀರಾವರಿ ಎರಡನೆಯದು, ಕೈಗಾರಿಕೆ ಅದರ ಎಷ್ಟೋ ಕೆಳಗೆ. ಪಟ್ಟಿಗೇನು ಕೊರತೆ?

ಈ ಉಪವಾಸಕ್ಕೆ ಯಂತ್ರದವರು ಕಂಡುಕೊಂಡ ಮದ್ದುಗಳು ಕುತೂಹಲ ಹುಟ್ಟಿಸುತ್ತವೆ. ಒಂದು, ಕಾದಷ್ಟೂ ಕಾದವನ ಆದ್ಯತೆಯನ್ನು ತಾನಾಗಿ ಏರಿಸುತ್ತಾ ಹೋಗುವುದು. ಇನ್ನೊಂದು ಲಿನಕ್ಸಿಗೆ 2007ರಲ್ಲಿ ಬಂದದ್ದು. ಅದರಲ್ಲಿ ಯಾರು ಇದುವರೆಗೆ ಎಷ್ಟು ಹೊತ್ತು ಪಡೆದರು ಎಂಬ ಲೆಕ್ಕ, ಅವರವರ ಅಂಕಿಗೆ ತಕ್ಕ ತೂಕದಲ್ಲಿ, ಬರೆದಿಡಲಾಗುತ್ತದೆ. ಎಲ್ಲರಿಗಿಂತ ಕಡಿಮೆ ಪಡೆದವನು ಮುಂದಿನ ಸರದಿಗೆ ಅರ್ಹ. 2023ರಲ್ಲಿ ಆ ಕ್ರಮದ ಜಾಗಕ್ಕೆ ಹೊಸದು ಬಂದಿದೆ. ಅದರಲ್ಲೂ ಯಾರಿಗೆ ಎಷ್ಟು ಬಾಕಿ ಎಂಬ ಲೆಕ್ಕ ಉಳಿದಿದೆ. ಸೌಜನ್ಯದ ಅಂಕಣಕ್ಕಿಲ್ಲದ ನೆನಪು ಈ ಲೆಕ್ಕಕ್ಕಿದೆ ಎಂಬುದು ನಮಗೆ ಹಿಡಿಸಿತು. ತಳ್ಳಿಸಿಕೊಂಡವನಿಗೆ ಹೊಗಳಿಕೆ ಬೇಡ, ಬಾಕಿ ಬೇಕು.

ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರಗಳ ಬಂಡೆಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದ. ಸಾಮ್ರಾಟನ ಆಜ್ಞೆ ಎಂದರೆ ಗುಡುಗು ಇರಬೇಕು ಎಂದುಕೊಂಡು ಓದಿದರೆ ಸಿಗುವುದು ತಂದೆತಾಯಿಯ ಮಾತು ಕೇಳಿ, ಜೀವಿಗಳಲ್ಲಿ ದಯೆಯಿರಲಿ, ನಿಜ ನುಡಿಯಿರಿ ಎಂಬಂಥ ಬುದ್ಧಿವಾದ. ಜೊತೆಗೆ ಈ ಫಲ ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ ಎಂಬ ಭರವಸೆ. ಎಲ್ಲರ ಅಂಕಿಯನ್ನೂ ಬದಲಿಸಬಲ್ಲವನು ಒಳ್ಳೆಯತನದ ವಿಷಯಕ್ಕೆ ಬಂದಾಗ ಕೇಳಿಕೊಳ್ಳುವ ದನಿಗೆ ಇಳಿದ ಎನಿಸಿತು. ಇದು ನಮ್ಮ ಓದು, ವಿದ್ವಾಂಸರು ಬೇರೆ ಹೇಳಬಹುದು.

ಮಗ್ಗದ ಮನೆ ಒಂದು ಓಣಿಯೊಳಗೆ. ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುತ್ತಿದ್ದವನು ನಲವತ್ತರ ಮಗ, ಮೂಲೆಯಲ್ಲಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದವಳು ತಾಯಿ. ಮೊಳಕಾಲ್ಮುರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಸೀರೆಯ ಮಾತು ಬಂದಾಗ ಹೆಸರು ಹೇಳುವುದು ನೇಯುವವನದು, ಅಂಚಿನದು, ಬುಟ್ಟಾದ್ದು. ಕಂಡಿಕೆಯ ಹೆಸರು ಎಲ್ಲೂ ಬರುವುದಿಲ್ಲ. ಆ ಮನೆಗೆ ಒಬ್ಬ ವ್ಯಾಪಾರಿಯ ಅವಸರದ ಸೀರೆಯೊಂದಿತ್ತು, ಎರಡು ದಿನದಲ್ಲಿ ಮುಗಿಯಬೇಕು. ನಾವು ಕೂತಿದ್ದಾಗಲೇ ಮಗ್ಗದ ಸದ್ದು ನಿಂತಿತು. ಲಾಳಿಯಲ್ಲಿ ನೂಲು ಮುಗಿದಿದೆ, ಬದಲಿ ಕಂಡಿಕೆ ಇಲ್ಲ. ತಾಯಿ ರಾಟೆ ಬಿಟ್ಟು ಬೀದಿಯ ನಲ್ಲಿಯ ಬಳಿ ಕೊಡಗಳ ಸಾಲಿನಲ್ಲಿ ನಿಂತಿದ್ದಳು.

ಆಗ ನಮಗೆ ಮಂಗಳ ಗ್ರಹದ ಒಂದು ಕಥೆ ನೆನಪಾಯಿತು. ದೂರದ್ದಾದರೂ ಈ ಮನೆಯದೇ ಕಥೆ. 1997ರ ಜುಲೈ 4ರಂದು ಅಮೆರಿಕದ ಪಾತ್‌ಫೈಂಡರ್ ನೌಕೆ ಮಂಗಳದ ಮೇಲೆ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ಮತ್ತೆ ಮತ್ತೆ ನಿಂತು ಮೊದಲಿನಿಂದ ಶುರುವಾಗತೊಡಗಿತು. ಅದರಲ್ಲಿ ಇಡೀ ನೌಕೆಯ ಮಾಹಿತಿ ಸಾಗಿಸುವ ಕೆಲಸಕ್ಕೆ ಮೇಲಿನ ಆದ್ಯತೆ, ಗಾಳಿ ಹವಾಮಾನ ಅಳೆಯುವ ಪುಟ್ಟ ಕೆಲಸಕ್ಕೆ ಕೆಳಗಿನದು, ಭೂಮಿಯೊಡನೆ ಮಾತಾಡುವಂಥ ಕೆಲಸಗಳಿಗೆ ನಡುವಿನದು. ಮೇಲಿನವನಿಗೂ ಕೆಳಗಿನವನಿಗೂ ಸೇರಿ ಒಂದೇ ಕೋಣೆ, ಒಂದೇ ಬೀಗದ ಕೈ. ಕೆಳಗಿನವನು ಕೈ ಹಿಡಿದು ಒಳಗೆ ಹೋಗಿರುವಾಗ ನಡುವಿನವನು ಬಂದು ಅವನನ್ನು ಸರದಿಯಿಂದ ತಳ್ಳುತ್ತಿದ್ದ. ಕೆಳಗಿನವನು ಕೆಲಸ ಮುಗಿಸುವಂತಿಲ್ಲ, ಕೈ ಬಿಡುವಂತಿಲ್ಲ. ಎಲ್ಲರಿಗಿಂತ ದೊಡ್ಡವನು ಹೊರಗೆ ಕಾಯುತ್ತಲೇ ನಿಂತ. ದೊಡ್ಡವನ ಕೆಲಸ ಆಗಲಿಲ್ಲವೆಂದು ಕಾವಲಿನ ಗಡಿಯಾರ ಇಡೀ ಯಂತ್ರವನ್ನೇ ನಿಲ್ಲಿಸಿ ಮತ್ತೆ ಹೊರಡಿಸುತ್ತಿತ್ತು. ಎಂಜಿನಿಯರುಗಳು ಇಲ್ಲಿಯ ಪ್ರತಿರೂಪದಲ್ಲಿ ಇದನ್ನು ಪತ್ತೆಹಚ್ಚಿ, ಭೂಮಿಯಿಂದಲೇ ಒಂದು ಬದಲಾವಣೆ ಕಳಿಸಿದರು. ದೊಡ್ಡವನಿಗೆ ಬೇಕಾದದ್ದು ಸಣ್ಣವನ ಕೈಯಲ್ಲಿ ಇರುವಷ್ಟು ಹೊತ್ತು ಸಣ್ಣವನಿಗೆ ದೊಡ್ಡವನ ಆದ್ಯತೆಯನ್ನೇ ಕೊಡಬೇಕು ಎಂಬುದು ಅದರ ತಾತ್ಪರ್ಯ. ನೌಕೆ ಸರಿಹೋಯಿತು.

ಆ ವ್ಯಾಪಾರಿಗೆ ಇದನ್ನು ಯಾರು ಹೇಳಬೇಕು? ಅವನ ಪುಸ್ತಕದಲ್ಲಿ ಸೀರೆಯ ಅವಸರ ಬರೆದಿದೆ, ಮಗನ ಮಜೂರಿ ಬರೆದಿದೆ. ತಾಯಿಯ ಕೊಡ ನಲ್ಲಿಯ ಸಾಲಿನಲ್ಲಿ ಎಷ್ಟನೆಯದು ಎಂಬುದು ಬರೆದಿಲ್ಲ. ಸೀರೆ ನಿಂತದ್ದು ಅಲ್ಲೇ. ಬೇಗ ಬೇಗ ಎಂದು ಫೋನಿನಲ್ಲಿ ಮಗನನ್ನು ಹತ್ತು ಸಲ ಅವಸರಿಸಿದರೆ ಒಂದು ಕಂಡಿಕೆಯೂ ಹೆಚ್ಚಾಗುವುದಿಲ್ಲ. ಸಣ್ಣ ಕೆಲಸದವರನ್ನು ಹಿಂದಿಟ್ಟು ದೊಡ್ಡ ಕೆಲಸ ಮುಗಿಸಹೊರಡುವವರೆಲ್ಲ ಎಡವುವುದು ಈ ಜಾಗದಲ್ಲೇ. ಅವರಿಗೆ ಸಣ್ಣವರ ಮೇಲೆ ದಯೆ ಇಲ್ಲವೆಂದು ನಾವು ಹೇಳುತ್ತಿಲ್ಲ, ಬೀಗದ ಕೈ ಯಾರ ಬಳಿ ಇದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ.

ಮಗ ಗುಂಡಿಯಿಂದೆದ್ದು ಬಾಗಿಲಿಗೆ ಬಂದು ನೋಡಿದ. ನೀವಾದರೂ ಕಂಡಿಕೆ ಸುತ್ತಬಾರದೆ ಎಂದು ಕೇಳಿದೆವು.

"ಸುತ್ತಬಹುದು ಸಾರ್. ಬಿಗಿ ಸರಿಯಾಗಿ ಬರಲ್ಲ, ನೂಲು ಹರಿಯುತ್ತೆ. ಅಮ್ಮಂದೇ ಕೈ ಆಗಬೇಕು."

ಆಮೇಲೆ ಅವನೇ ಹೋಗಿ ತಾಯಿಯ ಜಾಗದಲ್ಲಿ ಕೊಡಗಳ ಪಕ್ಕ ನಿಂತ. ಹೆಂಗಸರ ಸಾಲಿನಲ್ಲಿ ನಿಂತ ಗಂಡಸನ್ನು ಕಂಡು ಯಾರೋ ಏನೋ ಅಂದರು, ಒಂದಿಬ್ಬರು ನಕ್ಕರು. ತಾಯಿ ಒಳಗೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಂಡು ರಾಟೆಯ ಮುಂದೆ ಕೂತಳು. ನಮ್ಮ ಮನೆಯ ಹೆಂಗಸರು ಹರಡಿದ್ದ ಸೀರೆಗಳತ್ತ ಒಮ್ಮೆ ನೋಡಿ, "ಆ ಹಸುರುದು ತಗೊಳ್ಳಿ ತಾಯಿ, ಅದರ ನೂಲು ಚೆನ್ನಾಗಿತ್ತು" ಎಂದು ಹೇಳಿ ರಾಟೆ ತಿರುಗಿಸತೊಡಗಿದಳು. ಹೊರಗೆ ನಲ್ಲಿಯ ಸಾಲು ಇನ್ನೂ ಅಲ್ಲಿಯೇ ಇತ್ತು.